ಸಹಾಯ ಬೇಕು: ಜಾಲತಾಣದಲ್ಲಿ ಗಮಕ ವಾಚನದ ಆಡಿಯೊ

ಮಾನ್ಯರೇ,

ಹಳೆಯ ಕ್ಯಾಸೆಟ್‌ಗಳಿಂದ ಡಿಜಿಟಲ್ ರೂಪಕ್ಕೆ ತಂದ 40 ಗಮಕ ವಾಚನಗಳನ್ನು ನಮ್ಮ ಬಳಗದ ಜಾಲತಾಣಕ್ಕೆ ಸೇರಿಸುತ್ತಿದ್ದೇನೆ. ವೇವ್ ಕಡತಗಳು ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಹಿಡಿಯುತ್ತಿದ್ದುದರಿಂದ ಅವನ್ನು 128 ಕೆಬಿಪಿಎಸ್‌ನ ಎಂಪಿ3 ಆಗಿ ಪರಿವರ್ತಿಸಿದ್ದು, ಈಗ ನಿಮಿಷಕ್ಕೆ ಒಂದು ಎಂಬಿಯಷ್ಟೇ ಆಗುತ್ತಿದೆ. ಪುಟ ತೆರೆದೊಡನೆ ತಂಬೂರಿಯ ಶ್ರುತಿ ತಾನಾಗಿ ಕೇಳಿಸಬೇಕೆಂಬುದು ಹಿರಿಯರ ಬಯಕೆಯಾಗಿತ್ತು. ಆದರೆ ನೋಡುಗರು ಪುಟವನ್ನು ಮುಟ್ಟುವ ಮೊದಲೇ ಸದ್ದು ಹೊರಡುವುದನ್ನು ಕ್ರೋಮ್ 2018ರಿಂದ ಸಾಮಾನ್ಯವಾಗಿ ತಡೆಯುವುದರಿಂದ ಅದನ್ನು ಕೈಬಿಟ್ಟೆವು. ನನಗಂತೂ ಅದರಿಂದ ಸಮಾಧಾನವೇ ಆಯಿತೆನ್ನಿ.

ನಿಜವಾದ ತೊಡಕು ಬೇರೆಯದು. ಎಚ್‌ಟಿಎಂಎಲ್5ರ ಆಡಿಯೊ ಟ್ಯಾಗ್ ಬಳಸಿದ ಪ್ಲೇಯರ್‌ನಲ್ಲಿ ವಾಚನವು ಸರಿಯಾಗಿಯೇ ಆರಂಭವಾಗುತ್ತದೆ. ಆದರೆ ಕೇಳುಗರು ಮಧ್ಯದ ಪದ್ಯವೊಂದಕ್ಕೆ ಹೋಗಲೆಂದು ಗುಂಡಿಯನ್ನು ಮುಂದಕ್ಕೆ ಎಳೆದರೆ ಮತ್ತೆ ಮೊದಲಿಗೇ ಮರಳುತ್ತದೆ. ಅದೇ ಕಡತವನ್ನು ನನ್ನ ಕಂಪ್ಯೂಟರಿನಿಂದ ನೇರವಾಗಿ ತೆರೆದರೆ ಈ ದೋಷವಿಲ್ಲ. ಬ್ರೌಸರ್ ಕಡತದ ಒಂದು ಭಾಗವನ್ನಷ್ಟೇ ಕೇಳಿದಾಗ ಸರ್ವರ್ 206 ಎಂಬ ಸಂಕೇತದೊಂದಿಗೆ ಆ ಭಾಗವನ್ನು ಕೊಡಬೇಕು. ನಮ್ಮದು 200 ಎಂದು ಇಡೀ ಕಡತವನ್ನೇ ಕಳುಹಿಸುತ್ತಿದೆ. ಡೌನ್‌ಲೋಡ್‌ಗಳನ್ನು ಎಣಿಸಲೆಂದು ಕಡತಗಳನ್ನು ನೇರವಾಗಿ ಕೊಡದೆ ಪಿಎಚ್‌ಪಿ (ಸರ್ವರ್‌ನಲ್ಲಿ ಓಡುವ ಪ್ರೋಗ್ರಾಮಿಂಗ್ ಭಾಷೆ) ಮೂಲಕ ಕೊಡುತ್ತಿರುವುದೇ ಇದಕ್ಕೆ ಕಾರಣವಿರಬಹುದೇ? ಎಣಿಕೆಯನ್ನು ಬಿಡದೆ ರೇಂಜ್ ಕೋರಿಕೆಗಳನ್ನು, ಅಂದರೆ ಹೀಗೆ ಕಡತದ ಒಂದು ಭಾಗವನ್ನಷ್ಟೇ ಕೇಳುವ ಕೋರಿಕೆಗಳನ್ನು, ನಿಭಾಯಿಸುವ ಬಗೆಯನ್ನು ಬಲ್ಲವರು ದಯವಿಟ್ಟು ತಿಳಿಸಿಕೊಡಬೇಕಾಗಿ ಕೋರುತ್ತೇನೆ.