ಅಪ್‌ಡೇಟ್: ತಾಯಿ ಉಳಿದದ್ದಕ್ಕೆ ರಾತ್ರಿಗೆ 200 ರೂಪಾಯಿ ಕೇಳಿದ ಮನೆ ಮಾಲೀಕರ ವಿಚಾರ

ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಸಕಲೇಶಪುರದಿಂದ ಬಂದ ನನ್ನ ತಾಯಿ ಹಾಸನದ ನಮ್ಮ ಬಾಡಿಗೆ ಮನೆಯಲ್ಲಿ ಉಳಿದದ್ದಕ್ಕೆ ಮಾಲೀಕರು ರಾತ್ರಿಗೆ 200 ರೂಪಾಯಿ ಕೇಳುವುದು ಸರಿಯೇ ಎಂದು ಕಳೆದ ತಿಂಗಳು ಕೇಳಿದ್ದೆ. ಮೊದಲು ಕರಾರುಪತ್ರ ಓದಿ ಎಂದು ಹಲವರು ಹೇಳಿದಿರಿ. ಓದಿದೆ. 11 ತಿಂಗಳ ಆ ಕರಾರಿನಲ್ಲಿ ಒಳಬಾಡಿಗೆಗೆ ಕೊಡಬಾರದೆಂಬ ಷರತ್ತಿತ್ತೇ ಹೊರತು ನೆಂಟರ ಬಗ್ಗೆ ಒಂದು ಮಾತೂ ಇರಲಿಲ್ಲ.

ಆಮೇಲೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋದೆ. 1987ರ ಕಾಯ್ದೆಯಂತೆ ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ. ಇದು ಎಷ್ಟೋ ಹೆಣ್ಣುಮಕ್ಕಳಿಗೆ ಗೊತ್ತೇ ಇಲ್ಲವೆಂಬುದು ನನಗೆ ನೋವಿನ ಸಂಗತಿ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲದಿದ್ದರೆ, ಬಾಡಿಗೆ ಕಟ್ಟುತ್ತಾ ಷರತ್ತುಗಳನ್ನು ಪಾಲಿಸುವ ಬಾಡಿಗೆದಾರರು ಅವಧಿ ಮುಗಿಯುವವರೆಗೆ ಅಡ್ಡಿಯಿಲ್ಲದೆ ಮನೆಯಲ್ಲಿರಬಹುದೆಂದೂ, ಸಹಿಯಾದ ಮೇಲೆ ಒಬ್ಬರೇ ಹೊಸ ಷರತ್ತು ಸೇರಿಸಲಾಗದೆಂದೂ ಅಲ್ಲಿನ ವಕೀಲರು ವಿವರಿಸಿದರು.

ಇದನ್ನೆಲ್ಲ ಸೌಜನ್ಯದಿಂದಲೇ ಬರೆದು ಮಾಲೀಕರಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳುಹಿಸಿದೆ. ನಾಲ್ಕನೆಯ ದಿನ ಅವರೇ ಮಾತಿಗೆ ಬಂದರು. ತೊಟ್ಟಿಯ ನೀರು ಸಾಲದೆಂಬುದು ಅವರ ನಿಜವಾದ ಚಿಂತೆಯಾಗಿತ್ತು. ಆ ಮಾತಿನಲ್ಲಿ ನ್ಯಾಯವಿದೆ ಎಂದು ನನಗೂ ಅನ್ನಿಸಿತು. ನೆಂಟರು ಒಂದು ವಾರಕ್ಕಿಂತ ಹೆಚ್ಚು ಉಳಿಯುವುದಾದರೆ ಮೊದಲೇ ತಿಳಿಸುವುದೆಂದು ಒಪ್ಪಿ, ಇಬ್ಬರೂ ಬರೆದು ಸಹಿ ಹಾಕಿದ್ದೇವೆ. ಹಣದ ಬೇಡಿಕೆಯನ್ನು ಅವರು ಕೈಬಿಟ್ಟಿದ್ದಾರೆ. ಕಣ್ಣಿಗೆ ಹನಿ ಹಾಕುವ ದಿನಗಳು ಮುಗಿಯುವವರೆಗೆ ಅಮ್ಮ ನಮ್ಮಲ್ಲಿಯೇ ಇರುತ್ತಾರೆ.