ಶಿರಸಿ ಮಾದರಿ ಅಡಿಕೆ ತೋಟ ಹೊಳಲ್ಕೆರೆ ಸೀಮೆಗೆ ಆಗುತ್ತಾ?

ಹೊಳಲ್ಕೆರೆ ರೈತ:
ನಮಸ್ಕಾರ. 2 ಎಕರೆ ಕೆಂಪು ಮಣ್ಣಿನ ಹೊಲ, ಒಂದು ಬೋರ್‌ವೆಲ್ ಇದೆ. ಅಡಿಕೆ ಹಾಕಬೇಕು ಅಂತಿದೀನಿ. ಶಿರಸಿ, ಸಿದ್ದಾಪುರ ಕಡೆ ಸಾಲಿನ ನಡುವೆ ಬಸಿಗಾಲುವೆ ತೆಗೆದು, ಸೊಪ್ಪು-ಗೊಬ್ಬರದಲ್ಲೇ ತೋಟ ಮಾಡ್ತಾರೆ. ಅದೇ ಪದ್ಧತಿ ಇಲ್ಲಿ ನಡೆಯುತ್ತಾ? ಗೊತ್ತಿರೋರು ಹೇಳಿ.

ಮಲೆನಾಡು ತೋಟಿಗ:
ಬಸಿಗಾಲುವೆ ತೆಗೀಬೇಡಿ ಅಣ್ಣ. ಅಲ್ಲಿ ಅದು ಇರೋದು ಹೆಚ್ಚಾದ ನೀರು ಹೊರಗೆ ಹಾಕೋಕೆ. ಅರಬ್ಬಿ ಸಮುದ್ರದ ಮೋಡ ಘಟ್ಟ ಏರುವಾಗಲೇ ಸುರಿದುಬಿಡುತ್ತೆ. ಆಗುಂಬೆಗೆ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ, ಘಟ್ಟ ದಾಟಿ ದಾವಣಗೆರೆಗೆ ಬರೋ ಹೊತ್ತಿಗೆ 650ರ ಆಸುಪಾಸು, ಚಳ್ಳಕೆರೆಗೆ ಇನ್ನೂ ಕಡಿಮೆ. ನಿಮ್ಮಲ್ಲಿ ಬಿದ್ದ ಮಳೆ ಹೊಲದಲ್ಲೇ ಇಂಗಬೇಕು.

ಇನ್ನು ಸೊಪ್ಪು. ನೋಡೋಕೆ ಹೋದವರು ತೋಟ ನೋಡಿ ಬರ್ತಾರೆ, ಅದರ ಹಿಂದಿನ ಬೆಟ್ಟ ನೋಡಲ್ಲ. ಉತ್ತರ ಕನ್ನಡದಲ್ಲಿ ಬ್ರಿಟಿಷರ ಕಾಲದಿಂದಲೂ ಎಕರೆ ತೋಟಕ್ಕೆ 9 ಎಕರೆವರೆಗೆ ಸೊಪ್ಪಿನ ಬೆಟ್ಟ, ಅಂದರೆ ಸೊಪ್ಪು ತರೋಕೆ ಅಂತಲೇ ಕಾಡು, ಬಿಟ್ಟಿದ್ದಾರೆ. ಮರದ ತುದಿ ಉಳಿಸಿ ಪಕ್ಕದ ರೆಂಬೆ ಸವರ್ತಾರೆ. ದರಕು (ಉದುರಿದ ಒಣ ಎಲೆ) ಗುಡಿಸಿ ಕೊಟ್ಟಿಗೆಗೆ ಹಾಸ್ತಾರೆ, ಅದು ಸಗಣಿ-ಗಂಜಲ ಕುಡಿದು ಗೊಬ್ಬರಗುಂಡಿ ಸೇರಿ, ಆಮೇಲೆ ಮರದ ಬುಡಕ್ಕೆ. ತೋಟ ಇರೋದು ಕಣಿವೆಯಲ್ಲಿ, ಬೆಟ್ಟದ ತೇವ ಬೇಸಿಗೆಯಲ್ಲೂ ಒಸರುತ್ತೆ, ಸಂಜೆ ಬಿಸಿಲಿಗೂ ಬೆಟ್ಟವೇ ಅಡ್ಡ.

ಲೆಕ್ಕ ಹಾಕಿ: ಮರಕ್ಕೆ ವರ್ಷಕ್ಕೆ 12 ಕೆಜಿ ಹಸಿರು ಸೊಪ್ಪು, 12 ಕೆಜಿ ಗೊಬ್ಬರ. 9x9 ಅಡಿಗೆ ನೆಟ್ಟರೆ ಎಕರೆಗೆ ಸುಮಾರು 540 ಗಿಡ. ಸೊಪ್ಪೇ ಆರೂವರೆ ಟನ್ ಬೇಕು! ನಿಮಗೆ ಆ ಬೆಟ್ಟ ಇಲ್ಲ, ಅದಕ್ಕೆ ಬದುವಿನುದ್ದಕ್ಕೂ ಸೊಪ್ಪಿನ ಮರಗಳಾದ ಗ್ಲಿರಿಸಿಡಿಯಾ, ಹೊಂಗೆ ಈ ಮಳೆಗಾಲದಲ್ಲೇ ನೆಡಿ. ಅಡಿಕೆ ಸಸಿ ಮುಂದಿನ ವರ್ಷ ಇಟ್ಟರಾಯ್ತು.

ಭದ್ರಾ ಅಚ್ಚುಕಟ್ಟು:
ಒಂದು ತಿದ್ದುಪಡಿ. ಕೆಂಪು ಮಣ್ಣಿನ ಎತ್ತರದ ಹೊಲಕ್ಕೆ ಬಸಿಗಾಲುವೆ ಬೇಡ, ಸರಿ. ಆದರೆ ಚನ್ನಗಿರಿ ಕಡೆ ನಾಲೆ ಕೆಳಗಿನ ಗದ್ದೆಗಳನ್ನ ತೋಟ ಮಾಡಿದಲ್ಲಿ ಬೇಕೇ ಬೇಕು. ಪಕ್ಕದ ಭತ್ತದ ನೀರು ಬುಡಕ್ಕೆ ಬಸಿಯುತ್ತೆ. ಎರಡು ಸಾಲಿಗೊಂದರಂತೆ ಎರಡೂವರೆಯಿಂದ 3 ಅಡಿ ಆಳ ತೆಗೀದಿದ್ರೆ ಬೇರು ಕೊಳೆಯುತ್ತೆ, ಹಿಡಿಮುಂಡಿಗೆ ರೋಗವೂ ಬರುತ್ತೆ: ಗಿಣ್ಣು ಹತ್ತಿರವಾಗಿ, ಸುಳಿಯ ಗರಿ ಗಿಡ್ಡಾಗಿ ಮುದುಡಿಕೊಳ್ಳುತ್ತೆ.

ದುರ್ಗದ ಕೃಷಿಕ:
ಬಿಸಿಲು ಮರೀಬೇಡಿ. ನಮ್ಮ ಬಯಲಲ್ಲಿ ನೈಋತ್ಯದ ಇಳಿಬಿಸಿಲಿಗೆ ಕಾಂಡ ಸೀಳುತ್ತೆ, ಮುಂದೆ ಗಾಳಿಗೆ ಅಲ್ಲೇ ಮುರಿಯುತ್ತೆ. ಉತ್ತರ-ದಕ್ಷಿಣ ಸಾಲನ್ನ 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಿ. ದಕ್ಷಿಣ, ಪಶ್ಚಿಮ ಅಂಚಿಗೆ ಎತ್ತರದ ಮರ, ಒಳಗೆ ಬಾಳೆ ಹಾಕಿ. ಎಳೇ ಕಾಂಡಕ್ಕೆ ಸೋಗೆ (ಅಡಿಕೆ ಗರಿ) ಕಟ್ಟಿ ಇಲ್ಲಾ ಸುಣ್ಣ ಬಳಿಯಿರಿ.

ನೀರು: ಫಲಕ್ಕೆ ಬಂದ ಮರಕ್ಕೆ ಬೇಸಿಗೆಯಲ್ಲಿ ಡ್ರಿಪ್‌ನಲ್ಲೂ ದಿನಕ್ಕೆ 15-20 ಲೀಟರ್. 2 ಎಕರೆಗೆ 20,000 ಲೀಟರ್ ಹಿಡ್ಕೊಳ್ಳಿ. 200 ಲೀಟರ್ ಡ್ರಮ್ 3 ನಿಮಿಷಕ್ಕೆ ತುಂಬಿದರೆ ಗಂಟೆಗೆ 4,000, ಅಂದರೆ 5 ಗಂಟೆ ಮೋಟಾರ್ ಓಡಬೇಕು. ಈ ಅಳತೆ ಏಪ್ರಿಲ್‌ನಲ್ಲಿ ಮಾಡಿ, ಅದೂ ಮೋಟಾರ್ ಎರಡು ಗಂಟೆ ಓಡಿದ ಮೇಲೆ. ನವೆಂಬರ್ ನೀರು ನಂಬಿ ಸಸಿ ತರಬೇಡಿ. ಡ್ರಮ್ ತುಂಬೋಕೆ 6 ನಿಮಿಷ ಹಿಡಿದರೆ ಒಂದೇ ಎಕರೆ ನೆಡಿ.