‘ಹುಬ್ಬೇರಿಸುವ ಶಸ್ತ್ರಚಿಕಿತ್ಸೆ’ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಆಪರೇಷನ್‌ಗೆ ಮುಂಚೆ ಸಹಿ ಹಾಕಿಸಿಕೊಳ್ಳುವ ಒಪ್ಪಿಗೆ ಪತ್ರವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಜೋತುಬಿದ್ದ ಹುಬ್ಬನ್ನು ಮೇಲಕ್ಕೆಳೆದು ಕೂರಿಸುವ ಬ್ರೋ ಲಿಫ್ಟ್‌ಗೆ ಸಂಬಂಧಿಸಿದ್ದು. ಹೆಸರಿನಲ್ಲೇ ಸಿಕ್ಕಿಬಿದ್ದೆ.

ಮೊದಲು ‘ಹುಬ್ಬೇರಿಸುವ ಶಸ್ತ್ರಚಿಕಿತ್ಸೆ’ ಅಂತ ಬರೆದೆ. ಅಕ್ಕ ಓದಿ ಕಿಸಕ್ಕನೆ ನಕ್ಕಳು. ಹುಬ್ಬೇರಿಸುವುದು ಅಂದರೆ ನಮಗೆ ಬೆರಗಾಗುವುದು, ಅಲ್ವಾ? ತಮಾಷೆ ಏನೆಂದರೆ, ಹುಬ್ಬನ್ನು ಜಾಸ್ತಿ ಎಳೆದುಬಿಟ್ಟರೆ ಆಗುವುದೂ ಅದೇ. ಯಾವಾಗ ನೋಡಿದರೂ ಬೆರಗಾದಂಥ ಮುಖ. ಸದ್ಯಕ್ಕೆ ‘ಹುಬ್ಬು ಎತ್ತರಿಸುವ’ ಅಂತ ಇಟ್ಟಿದ್ದೇನೆ. ಸಪ್ಪೆ, ಆದರೆ ಯಾರೂ ನಗುವುದಿಲ್ಲ.

ಆಪರೇಷನ್‌ನಿಂದ ಆಗಬಹುದಾದ ತೊಡಕುಗಳನ್ನು ಹೇಳುವ ಕಡೆ ನಿಜವಾದ ತಲೆನೋವು ‘ನಂಬ್‌ನೆಸ್’ ಅನ್ನುವ ಪದ. ಹಣೆಗೆ ಸ್ಪರ್ಶ ಕೊಡುವ ನರಗಳು ಹುಬ್ಬಿನ ಮೂಳೆಯ ಅಂಚಿನಿಂದ ಹೊರಟು ನೆತ್ತಿಯ ಕಡೆಗೆ ಹೋಗುತ್ತವೆ. ಅವಕ್ಕೆ ಪೆಟ್ಟಾದರೆ ತಲೆ ಬಾಚಿದರೂ ಅಲ್ಲಿ ಬಾಚಣಿಗೆ ತಾಗಿದ್ದು ಗೊತ್ತಾಗುವುದಿಲ್ಲ. ಇದಕ್ಕೆ ‘ಜೋಮು’ ಅನ್ನೋಣ ಅಂದರೆ, ಅದು ಚಕ್ಕಳಮಕ್ಕಳ ಹಾಕಿ ಕೂತು ಎದ್ದಾಗ ಕಾಲಿಗೆ ಹಿಡಿಯುವುದು. ಸ್ವಲ್ಪ ಹೊತ್ತಿಗೆ ಬಿಡುತ್ತದೆ. ಇದು ಬಿಡಲು ಎಷ್ಟೋ ಸಲ ತಿಂಗಳುಗಳೇ ಬೇಕು, ಕೆಲವರಿಗೆ ಪೂರ್ತಿ ಬಿಡುವುದೇ ಇಲ್ಲ. ‘ಮರಗಟ್ಟುವುದು’ ಅಂದರೆ ಹಣೆ ಅಲ್ಲಾಡುವುದೇ ಇಲ್ಲವೇನೋ ಅನ್ನಿಸುತ್ತದೆ. ಅದು ಬೇರೆಯೇ ತೊಡಕು. ಕಣತಲೆಯ ಮೇಲೆ ಹಾದುಹೋಗುವ ಇನ್ನೊಂದು ನರಕ್ಕೆ ಏಟಾದರೆ ಆ ಕಡೆಯ ಹುಬ್ಬನ್ನು ಎತ್ತಲು ಆಗುವುದಿಲ್ಲ. ಎರಡೂ ಒಂದೇ ಪತ್ರದಲ್ಲಿ ಬರುವುದರಿಂದ ಪದಗಳು ಬೆರೆಯಬಾರದು. ‘ಮುಟ್ಟಿದ್ದು ತಿಳಿಯದಿರುವುದು’ ಅಂತ ಬಿಡಿಸಿ ಬರೆದರೆ ಉದ್ದವಾಯಿತಾ?

‘ಹೆಮಟೋಮಾ’ಗೆ ಈ ಪತ್ರದ ಹಳೆಯ ಕನ್ನಡ ಪ್ರತಿಯಲ್ಲಿ ‘ರಕ್ತ ಹೆಪ್ಪುಗಟ್ಟುವುದು’ ಅಂತಿದೆ. ಅದನ್ನು ಓದಿದವರು ಸುಮ್ನೆ ಹೃದಯಾಘಾತ, ಪಾರ್ಶ್ವವಾಯು ಅಂತ ಗಾಬರಿಯಾಗುತ್ತಾರೆ. ನಾನು ‘ಚರ್ಮದಡಿ ರಕ್ತ ತುಂಬಿಕೊಳ್ಳುವುದು’ ಅಂತ ತಿದ್ದಿದೆ.

ಗಾಯದ ಕಲೆ, ಕೀವು, ಹೊಲಿಗೆಯ ಸುತ್ತ ಕೂದಲು ಉದುರುವುದು, ರೆಪ್ಪೆ ಪೂರ್ತಿ ಮುಚ್ಚದೆ ಕಣ್ಣು ಒಣಗುವುದು, ಇವೆಲ್ಲ ಕಷ್ಟವಾಗಲಿಲ್ಲ. ಕೊನೆಯದೊಂದು ಉಳಿದಿದೆ. ಎರಡು ಹುಬ್ಬು ಒಂದೇ ಮಟ್ಟಕ್ಕೆ ಕೂರದಿದ್ದರೆ ಹಳೆಯ ಪ್ರತಿ ಅದನ್ನು ‘ಅಸಮಮಿತಿ’ ಅನ್ನುತ್ತದೆ. ಗಣಿತದ ಪಾಠ ನೆನಪಾಯಿತು. ಅಮ್ಮನನ್ನು ಕೇಳಿದರೆ ‘ಹುಬ್ಬು ಏರುಪೇರು’ ಅಂದರು. ಸಹಿ ಹಾಕುವ ಕಾಗದದಲ್ಲಿ ‘ಏರುಪೇರು’ ನಡೆಯುತ್ತದಾ, ಇಲ್ಲಾ ಬೇರೆ ಏನಾದರೂ ಹೊಳೆಯುತ್ತದಾ?